ಓದುಗರ ಪ್ರಶ್ನೆ: ಬಿ.ಎ. ಓದಿದವರು ಎಂಬಿಎಗೆ ಹೇಗೆ ಸಿದ್ಧರಾಗಬೇಕು?

ಪ್ರಶ್ನೆ: ಮಾನ್ಯರೇ, ನಾನು ವಿಜಯಪುರದ ಕಾಲೇಜೊಂದರಲ್ಲಿ ಬಿ.ಎ. ಅಂತಿಮ ವರ್ಷಕ್ಕೆ ಕಾಲಿಟ್ಟಿದ್ದೇನೆ. ಇತಿಹಾಸ, ರಾಜ್ಯಶಾಸ್ತ್ರ ಮತ್ತು ಐಚ್ಛಿಕ ಕನ್ನಡ ನನ್ನ ವಿಷಯಗಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ; ಆ ಮೇಲೆ ಗಣಿತದ ಪುಸ್ತಕ ತೆರೆದಿಲ್ಲ. ನಮ್ಮ ತಂದೆಯವರು ತಿಕೋಟಾ ಭಾಗದಲ್ಲಿ ದ್ರಾಕ್ಷಿ ಬೆಳೆಯುತ್ತಾರೆ, ಮನೆಯ ಜಮಾ-ಖರ್ಚು ಬರೆಯುವುದು ನಾನೇ. ಎಂಬಿಎ ಮಾಡಬೇಕೆಂಬ ಆಸೆ ಇದೆ. ಆದರೆ ಬಿ.ಕಾಂ. ಮತ್ತು ಎಂಜಿನಿಯರಿಂಗ್ ಓದಿದವರ ಎದುರು ನಮ್ಮಂಥವರು ನಿಲ್ಲಲು ಸಾಧ್ಯವೇ? ಒಂದು ವರ್ಷ ಪುಣೆಯಲ್ಲಿದ್ದು ಕೋಚಿಂಗ್ ತೆಗೆದುಕೊಳ್ಳುವುದು ಅನಿವಾರ್ಯವೇ?
– ಓದುಗರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಅರ್ಹತೆಯ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಐಐಎಂಗಳು (ಭಾರತೀಯ ನಿರ್ವಹಣಾ ಸಂಸ್ಥೆಗಳು) ಎಂಬಿಎ ಪ್ರವೇಶಕ್ಕಾಗಿ ನಡೆಸುವ ಕ್ಯಾಟ್ ಪರೀಕ್ಷೆಗೆ ಯಾವುದೇ ವಿಷಯದಲ್ಲಿ ಪಡೆದ ಪದವಿ ಸಾಕು. ಪದವಿಯಲ್ಲಿ ಶೇ 50 ಅಂಕಗಳಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 45 ಸಾಕು. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ರಾಜ್ಯದ ಕಾಲೇಜುಗಳ ಎಂಬಿಎ ಸೀಟುಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿಯಲ್ಲೂ ಬಿ.ಎ. ಪದವೀಧರರಿಗೆ ಯಾವ ಅಡ್ಡಿಯೂ ಇಲ್ಲ. ಅರ್ಹತೆಯಲ್ಲಿ ಇಲ್ಲದ ಗೋಡೆಯನ್ನು ನಮ್ಮ ಭಾಗದ ಕಲಾ ವಿದ್ಯಾರ್ಥಿಗಳು ಮನಸ್ಸಿನಲ್ಲಿ ಕಟ್ಟಿಕೊಂಡಿರುತ್ತಾರೆ, ಮತ್ತು ಆ ಗೋಡೆಯ ಹೆಸರು ಗಣಿತ. ಆದ್ದರಿಂದ ಉತ್ತರದ ಬಹುಪಾಲನ್ನು ಅದಕ್ಕೇ ಮೀಸಲಿಡುತ್ತೇನೆ.

ಕ್ಯಾಟ್ ಪರೀಕ್ಷೆಯಲ್ಲಿ ಮೂರು ಭಾಗಗಳಿವೆ: ಇಂಗ್ಲಿಷ್ ಗದ್ಯವನ್ನು ಓದಿ ಗ್ರಹಿಸುವುದು, ಅಂಕಿಅಂಶಗಳ ವಿಶ್ಲೇಷಣೆ ಹಾಗೂ ತರ್ಕ, ಮತ್ತು ಗಣಿತ. ಪ್ರತಿ ಭಾಗಕ್ಕೂ 40 ನಿಮಿಷ. ಒಂದು ಭಾಗದಲ್ಲಿ ಉಳಿದ ಸಮಯವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. 2024ರ ಪರೀಕ್ಷೆಯಲ್ಲಿದ್ದ ಒಟ್ಟು 68 ಪ್ರಶ್ನೆಗಳಲ್ಲಿ 24 ಓದಿನ ಭಾಗದವು, ಉಳಿದೆರಡು ಭಾಗಗಳಲ್ಲಿ ತಲಾ 22. ಸರಿಯುತ್ತರಕ್ಕೆ 3 ಅಂಕ, ಬಹು ಆಯ್ಕೆಯ ಪ್ರಶ್ನೆ ತಪ್ಪಿದರೆ 1 ಅಂಕ ಕಡಿತ; ಉತ್ತರವನ್ನು ನಾವೇ ಟೈಪ್ ಮಾಡಬೇಕಾದ ಪ್ರಶ್ನೆಗಳಿಗೆ ಕಡಿತವಿಲ್ಲ. ಅಂದರೆ ಎಂಜಿನಿಯರಿಂಗ್ ಓದಿದವರಿಗೆ ಸಲೀಸಾಗಿರುವ ಗಣಿತವು ಇಡೀ ಪರೀಕ್ಷೆಯ ಮೂರನೇ ಒಂದು ಭಾಗ ಮಾತ್ರ. ಅತಿ ಹೆಚ್ಚು ಪ್ರಶ್ನೆಗಳಿರುವ ಭಾಗವು ಮೂರು ವರ್ಷ ಇತಿಹಾಸ, ರಾಜ್ಯಶಾಸ್ತ್ರ ಮತ್ತು ಸಾಹಿತ್ಯವನ್ನು ಶ್ರದ್ಧೆಯಿಂದ ಓದಿದವರ ಅಂಗಳ. ಅಲ್ಲಿ ಬರುವ ಗದ್ಯಭಾಗಗಳು ಹೆಚ್ಚಾಗಿ ತತ್ತ್ವಶಾಸ್ತ್ರ, ಮಾನವಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ, ಪರಿಸರ ಇತ್ಯಾದಿ ವಿಷಯಗಳವು. ಲೇಖಕ ಏನನ್ನು ವಾದಿಸುತ್ತಿದ್ದಾನೆ, ಯಾವ ಆಧಾರದ ಮೇಲೆ, ಯಾರನ್ನು ಒಪ್ಪುತ್ತಿಲ್ಲ ಎಂಬುದನ್ನೇ ಪ್ರಶ್ನೆಗಳು ಕೇಳುತ್ತವೆ. ನಿಮ್ಮ ಅಧ್ಯಾಪಕರು ತರಗತಿಯಲ್ಲಿ ಕೇಳುವುದೂ ಅದನ್ನೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೈಡ್ ನೋಡಿ ಉತ್ತರ ಬಾಯಿಪಾಠ ಮಾಡಿ ಬಿ.ಎ. ಮುಗಿಸಿದವರಿಗೆ ಈ ಅನುಕೂಲ ದಕ್ಕುವುದಿಲ್ಲ. ಮತ್ತು ಪರೀಕ್ಷೆ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅರ್ಥವಾಗುವುದಕ್ಕಿಂತ ಓದಿನ ವೇಗವೇ ತೊಡಕು. ಇದಕ್ಕೆ ವ್ಯಾಕರಣ ಪುಸ್ತಕ ಅಥವಾ ಮೂರು ತಿಂಗಳ ಸ್ಪೋಕನ್ ಇಂಗ್ಲಿಷ್ ಕೋರ್ಸ್ ಮದ್ದಲ್ಲ. ದಿನಕ್ಕೆ ಒಂದು ದೀರ್ಘ ಇಂಗ್ಲಿಷ್ ಲೇಖನವನ್ನು ನಡುವೆ ನಿಘಂಟು ತೆರೆಯದೆ ಕೊನೆಯವರೆಗೆ ಓದಿ, ಅದರ ವಾದವನ್ನು ಎರಡು ಸಾಲಿನಲ್ಲಿ ಮೊದಲು ಕನ್ನಡದಲ್ಲಿ ಬರೆಯಿರಿ, ನಂತರ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯಲಾಗದಿದ್ದರೆ ಲೇಖನ ಅರ್ಥವಾಗಿಲ್ಲ ಎಂದರ್ಥ. ಕನ್ನಡದಲ್ಲಿ ಬಂದು ಇಂಗ್ಲಿಷಿನಲ್ಲಿ ಬಾರದಿದ್ದರೆ ಕೊರತೆ ಕೇವಲ ರೂಢಿಯದು, ಅದು ಆರು ತಿಂಗಳಲ್ಲಿ ತುಂಬುವಂಥದ್ದು. ಪತ್ರಿಕೆಯ ಸಂಪಾದಕೀಯಗಳಿಗಷ್ಟೇ ಅಂಟಿಕೊಳ್ಳಬೇಡಿ, ಅವು ಚಿಕ್ಕವು ಮತ್ತು ಪರಿಚಿತ ವಿಷಯದವು. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿರುವ ಇಂಗ್ಲಿಷ್ ಇತಿಹಾಸ ಗ್ರಂಥಗಳ ಪೀಠಿಕೆಗಳನ್ನು ಓದುವುದು ಇದಕ್ಕಿಂತ ಒಳ್ಳೆಯ ಅಭ್ಯಾಸ.

ಇನ್ನು ಗಣಿತ. ಕ್ಯಾಟ್ ಆಗಲಿ ಪಿಜಿಸಿಇಟಿ ಆಗಲಿ ಕೇಳುವ ಗಣಿತದ ಬಹುಭಾಗ ಹತ್ತನೇ ತರಗತಿಯ ಆಚೆಗೆ ಹೋಗುವುದಿಲ್ಲ: ಶೇಕಡಾ, ಅನುಪಾತ, ಸರಾಸರಿ, ಲಾಭ-ನಷ್ಟ, ಸರಳ ಬಡ್ಡಿ ಮತ್ತು ಚಕ್ರಬಡ್ಡಿ, ಕಾಲ ಮತ್ತು ಕೆಲಸ, ವೇಗ ಮತ್ತು ದೂರ, ಸಮೀಕರಣಗಳು, ರೇಖಾಗಣಿತ, ಸಂಖ್ಯೆಗಳ ಗುಣಗಳು. ಕಲನಶಾಸ್ತ್ರದ ಅಗತ್ಯವೇ ಬೀಳುವುದಿಲ್ಲ. ಪ್ರಶ್ನೆಗಳು ಕಠಿಣವಾಗುವುದು ಪಠ್ಯ ದೊಡ್ಡದೆಂಬ ಕಾರಣಕ್ಕಲ್ಲ, ಪರಿಚಿತ ಸಂಗತಿಯನ್ನು ತಿರುವಿ ಕೇಳುವುದರಿಂದ.

ನಿಮ್ಮ ಮನೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಹಸಿ ದ್ರಾಕ್ಷಿಯಲ್ಲಿ ತೂಕದ ಶೇ 80ರಷ್ಟು ನೀರಿದೆ, ಒಣದ್ರಾಕ್ಷಿಯಲ್ಲಿ ಶೇ 20ರಷ್ಟು ನೀರಿದೆ ಎಂದುಕೊಳ್ಳಿ. 100 ಕಿಲೊ ಹಸಿ ದ್ರಾಕ್ಷಿಯಿಂದ ಎಷ್ಟು ಒಣದ್ರಾಕ್ಷಿ ಸಿಗುತ್ತದೆ? ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳಲ್ಲಿ ಇದು ಬಹಳ ಹಳೆಯ ಮಾದರಿಯ ಪ್ರಶ್ನೆ. ಅವಸರದಲ್ಲಿದ್ದವರು 80ರಿಂದ 20 ಕಳೆದು, 60 ಕಿಲೊ ನೀರು ಹೋಯಿತು, 40 ಕಿಲೊ ಉಳಿಯಿತು ಎನ್ನುತ್ತಾರೆ. ಆದರೆ ಒಣಗಿಸುವಾಗ ಬದಲಾಗದೆ ಉಳಿಯುವುದು ನೀರಲ್ಲದ ಭಾಗ, ಅದು 20 ಕಿಲೊ. ಒಣದ್ರಾಕ್ಷಿಯಲ್ಲಿ ಆ 20 ಕಿಲೊ ಎಂಬುದು ಒಟ್ಟು ತೂಕದ ಶೇ 80. ಹಾಗಾದರೆ ಒಟ್ಟು ತೂಕ 25 ಕಿಲೊ. ನಾಲ್ಕು ಕಿಲೊ ಹಸಿ ಹಣ್ಣಿಗೆ ಸುಮಾರು ಒಂದು ಕಿಲೊ ಒಣದ್ರಾಕ್ಷಿ ಎಂದು ನಿಮ್ಮ ತಂದೆಯವರು ಯಾವ ಸೂತ್ರವೂ ಇಲ್ಲದೆ ಹೇಳಬಲ್ಲರು.

ಇದೇ ಲೆಕ್ಕವನ್ನು ಒಂದು ಹೆಜ್ಜೆ ಮುಂದೆ ಒಯ್ದರೆ ಎಂಬಿಎ ತರಗತಿಯ ಪ್ರಶ್ನೆಯಾಗುತ್ತದೆ. ತೋಟದಲ್ಲಿ ಹಸಿ ದ್ರಾಕ್ಷಿಗೆ ಕಿಲೊಗೆ 40 ರೂಪಾಯಿ ಕೊಡುವ ವ್ಯಾಪಾರಿ ಬಂದಿದ್ದಾನೆ ಎಂದು ಭಾವಿಸಿ. ಒಣಗಿಸುವುದಾದರೆ ಒಂದು ಕಿಲೊ ಒಣದ್ರಾಕ್ಷಿಯ ಹಿಂದೆ 160 ರೂಪಾಯಿಯ ಹಣ್ಣು ಹೋಗುತ್ತದೆ. ಅದರ ಮೇಲೆ ಅದ್ದುವ ದ್ರಾವಣ, ಶೆಡ್ಡು, ಕೂಲಿ, ಆರಿಸುವಿಕೆ, ಶೀತಲಗೃಹದ ಬಾಡಿಗೆ, ದರ ಏರಲೆಂದು ಕಾಯುವ ತಿಂಗಳುಗಳ ಬಡ್ಡಿ. ಇದೆಲ್ಲ ಸೇರಿ ಎಷ್ಟಾಗುತ್ತದೆ, ಯಾವ ದರದ ಕೆಳಗೆ ಹಸಿಯಾಗಿಯೇ ಮಾರುವುದು ಲೇಸು ಎಂಬುದನ್ನು ಕಾಗದದ ಮೇಲೆ ಹಾಕಿ ನೋಡುವವರಿಗೆ ಗಣಿತ ಬರುವುದಿಲ್ಲ ಎಂದು ಹೇಳುವ ಹಕ್ಕಿಲ್ಲ. ಮನೆಯ ಜಮಾ-ಖರ್ಚು ನಾನೇ ಬರೆಯುತ್ತೇನೆ ಎಂದು ಬರೆದ ಮರುಸಾಲಿನಲ್ಲೇ ನೀವು ಹೆದರಿಕೊಂಡಿರುವುದು ನನಗೆ ಸೋಜಿಗವೆನಿಸಿತು.

ಆದ್ದರಿಂದ ಕೋಚಿಂಗ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಈಗ ಪುಣೆಗೆ ಹೋಗಬೇಡಿ. ಅಲ್ಲಿಯ ತರಗತಿಗಳು ಹತ್ತನೇ ತರಗತಿಯ ಗಣಿತ ಕೈಯಲ್ಲಿದೆ ಎಂದು ಭಾವಿಸಿಯೇ ಶುರುವಾಗುತ್ತವೆ. ಮೊದಲ ವಾರದಲ್ಲೇ ಹಿಂದೆ ಬಿದ್ದವರು ಉಳಿದ ತಿಂಗಳುಗಳನ್ನು ಕೀಳರಿಮೆಯಲ್ಲಿ ಕಳೆಯುತ್ತಾರೆ, ಶುಲ್ಕ ಮತ್ತು ಪಿಜಿ ಬಾಡಿಗೆ ಬೇರೆ. ಮೊದಲ ನಾಲ್ಕು ತಿಂಗಳು ರಾಜ್ಯ ಪಠ್ಯಕ್ರಮದ 8, 9 ಮತ್ತು 10ನೇ ತರಗತಿಯ ಗಣಿತ ಪುಸ್ತಕಗಳನ್ನು ಇಟ್ಟುಕೊಂಡು ಪ್ರತಿ ಅಧ್ಯಾಯದ ಪ್ರತಿ ಅಭ್ಯಾಸವನ್ನೂ ಬಿಡಿಸಿ. ಕನ್ನಡ ಮಾಧ್ಯಮದ ಪುಸ್ತಕದಲ್ಲಿ ಅರ್ಥಮಾಡಿಕೊಂಡು, ಅದೇ ಅಧ್ಯಾಯವನ್ನು ಇಂಗ್ಲಿಷ್ ಮಾಧ್ಯಮದ ಪುಸ್ತಕದಲ್ಲಿ ಮತ್ತೊಮ್ಮೆ ನೋಡಿ. ಪರೀಕ್ಷೆಯ ಪರಿಭಾಷೆ ಹಾಗೆ ತಾನಾಗಿ ಬರುತ್ತದೆ. ಎರಡೂ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇದಾದ ಬಳಿಕ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ಎಲ್ಲಿ ಸಿಲುಕುತ್ತೀರಿ ಎಂದು ಗೊತ್ತಾದ ಮೇಲೆ ಬೇಕಿದ್ದರೆ ಆನ್‌ಲೈನ್ ಅಣಕು ಪರೀಕ್ಷೆಗಳ ಸರಣಿಯೊಂದಕ್ಕೆ ಹಣ ಕಟ್ಟಿ. ಕ್ಯಾಟ್ ಸಾಮಾನ್ಯವಾಗಿ ನವೆಂಬರ್‌ ಕೊನೆಯ ಭಾನುವಾರ ನಡೆಯುತ್ತದೆ, ಅರ್ಜಿ ಆಗಸ್ಟ್‌ನಿಂದ. ನಿಮ್ಮ ಮುಂದಿರುವ ನವೆಂಬರ್‌ಗೆ ಅವಸರ ಮಾಡದೆ ಪದವಿಯ ನಂತರದ ನವೆಂಬರ್‌ಗೆ ಗುರಿಯಿಟ್ಟರೆ ಪದವಿಯ ಅಂಕವೂ ಕೆಡುವುದಿಲ್ಲ.

ತರ್ಕದ ಭಾಗದ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅದಕ್ಕೆ ಪಠ್ಯವೇ ಇಲ್ಲ, ಯಾರೂ ಕಾಲೇಜಿನಲ್ಲಿ ಅದನ್ನು ಕಲಿತು ಬಂದಿರುವುದಿಲ್ಲ. ಎಲ್ಲ ಪ್ರಶ್ನೆಗುಚ್ಛಗಳನ್ನೂ ಬಿಡಿಸಲು ಹೋಗದೆ ಸುಲಭವಾದವನ್ನು ಗುರುತಿಸುವ ಕಣ್ಣು ಅಭ್ಯಾಸದಿಂದಲೇ ಬರಬೇಕು.

ಆಯ್ಕೆಯ ವಿಧಾನದಲ್ಲಿ ನಿಮಗೆ ಅನುಕೂಲವಾದದ್ದೂ ಇದೆ, ಪ್ರತಿಕೂಲವಾದದ್ದೂ ಇದೆ. ಕ್ಯಾಟ್ ಫಲಿತಾಂಶ ಪರ್ಸೆಂಟೈಲ್‌ನಲ್ಲಿ ಬರುತ್ತದೆ. 90 ಪರ್ಸೆಂಟೈಲ್ ಎಂದರೆ ಶೇ 90 ಅಂಕವಲ್ಲ, ಬರೆದವರಲ್ಲಿ ಶೇ 90ರಷ್ಟು ಮಂದಿಗಿಂತ ನೀವು ಮುಂದಿದ್ದೀರಿ ಎಂದು. ಎಂಜಿನಿಯರ್‌ಗಳೇ ತುಂಬಿದ ತರಗತಿಗಳು ಬೇಡವೆಂದು ಐಐಎಂ ಕೋಯಿಕ್ಕೋಡ್ ಸೇರಿದಂತೆ ಕೆಲವು ಸಂಸ್ಥೆಗಳು ಬೇರೆ ಹಿನ್ನೆಲೆಯ ಪದವೀಧರರಿಗೂ ಮಹಿಳೆಯರಿಗೂ ಆಯ್ಕೆಯಲ್ಲಿ ಒಂದಿಷ್ಟು ಹೆಚ್ಚುವರಿ ಅಂಕ ಕೊಡುತ್ತ ಬಂದಿವೆ. ಅದೇ ಹೊತ್ತಿಗೆ ಐಐಎಂ ಬೆಂಗಳೂರಿನಂಥ ಸಂಸ್ಥೆಗಳು ಹತ್ತನೇ ಮತ್ತು ಹನ್ನೆರಡನೇ ತರಗತಿಯ ಅಂಕಗಳನ್ನೂ ಪರಿಗಣಿಸುತ್ತವೆ. ಆ ಅಂಕಗಳನ್ನು ಈಗ ತಿದ್ದಲಾಗದು. ಹಾಗಾಗಿ ಪ್ರತಿ ಸಂಸ್ಥೆಯ ಪ್ರವೇಶ ನೀತಿಯನ್ನು ಅದರ ಜಾಲತಾಣದಲ್ಲಿ ಓದಿ, ನಿಮ್ಮ ಅಂಕಪಟ್ಟಿಗೆ ಹೊಂದುವ ಕಡೆ ಮಾತ್ರ ಅರ್ಜಿ ಹಾಕಿ.

ಸಂದರ್ಶನಕ್ಕೆ ಕರೆ ಬಂದಾಗ ಬಿ.ಎ. ವಿದ್ಯಾರ್ಥಿಗಳಿಗೆ ಎದುರಾಗುವ ಮೊದಲ ಪ್ರಶ್ನೆ: ಇತಿಹಾಸ ಓದಿದವರಿಗೆ ವ್ಯಾಪಾರದ ಗೊಡವೆ ಏಕೆ? ಇದಕ್ಕೆ ಕ್ಷಮೆ ಕೇಳುವ ಧಾಟಿಯಲ್ಲಿ ಉತ್ತರಿಸುವವರೇ ಹೆಚ್ಚು. ನಿಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಎಲ್ಲರೂ ದೇವಾಲಯಗಳ ಊರೆಂದು ಬಲ್ಲರು. ಮಧ್ಯಯುಗದ ದಕ್ಷಿಣ ಭಾರತದ ಅತಿ ದೊಡ್ಡ ವರ್ತಕ ಸಂಘಗಳಲ್ಲಿ ಒಂದಾದ ಅಯ್ಯಾವೊಳೆ ಐನೂರ್ವರು ಹೆಸರು ಪಡೆದದ್ದು ಆ ಊರಿನಿಂದಲೇ. ಅವರ ಸಂಘಟನೆಯ ಹೆಸರು ಸುಮಾತ್ರಾದ ಬಾರೂಸ್ ಬಳಿ ದೊರೆತ 1088ರ ತಮಿಳು ಶಾಸನದಲ್ಲೂ ಕಾಣಿಸುತ್ತದೆ. ಅಷ್ಟು ದೂರದವರೆಗೆ ಸಾಲ, ನಂಬಿಕೆ ಮತ್ತು ಸುಂಕದ ವ್ಯವಹಾರವನ್ನು ಅವರು ಹೇಗೆ ನಿಭಾಯಿಸಿರಬಹುದು ಎಂದು ಯೋಚಿಸಿ ಹೋದ ಇತಿಹಾಸದ ವಿದ್ಯಾರ್ಥಿಯ ಉತ್ತರವನ್ನು ಸಮಿತಿ ಕೇಳದೆ ಬಿಡುವುದಿಲ್ಲ. ರಾಜ್ಯಶಾಸ್ತ್ರದವರಾದರೆ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರ ಮತ್ತು ರಾಜ್ಯಗಳ ಮತದ ತೂಕವನ್ನು ತಿಳಿದಿರಬೇಕು. ಅದು ಸಂವಿಧಾನದ 101ನೇ ತಿದ್ದುಪಡಿಯಿಂದ ಬಂದದ್ದು, ನಿಮ್ಮ ಪಠ್ಯದಲ್ಲೇ ಇದೆ.

ಕೊನೆಯದಾಗಿ, ಪ್ರವೇಶ ಸಿಕ್ಕ ಮೇಲೆ ಮೊದಲ ಮೂರು ತಿಂಗಳು ಕಲಾ ವಿದ್ಯಾರ್ಥಿಗಳನ್ನು ಕಂಗೆಡಿಸುವುದು ಪ್ರವೇಶ ಪರೀಕ್ಷೆಯ ಗಣಿತವಲ್ಲ. ಲೆಕ್ಕಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ. ಬಿ.ಕಾಂ. ಗೆಳತಿಯ ಮೊದಲ ವರ್ಷದ ಪುಸ್ತಕ ಪಡೆದು ಆಸ್ತಿ-ಜವಾಬ್ದಾರಿ ಪಟ್ಟಿಯನ್ನು ಓದಲು ಕಲಿಯಿರಿ. ಅದಕ್ಕೆ ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಿಂತ ಒಳ್ಳೆಯ ಪಾಠವಿಲ್ಲ. ಕಬ್ಬು ಅರೆಯುವುದು ಚಳಿಗಾಲದ ಕೆಲವೇ ತಿಂಗಳು, ಸಕ್ಕರೆ ಮಾರಾಟ ಮಾತ್ರ ವರ್ಷವಿಡೀ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಕೊಡಬೇಕು. ಹಾಗಾಗಿ ಮಾರ್ಚ್ ಕೊನೆಗೆ ಗೋದಾಮಿನ ತುಂಬ ಸಕ್ಕರೆ ಆಸ್ತಿಯ ಕಡೆಗೂ, ರೈತರ ಬಾಕಿ ಬಿಲ್ಲು ಹಾಗೂ ಅದೇ ಸಕ್ಕರೆಯನ್ನು ಅಡವಿಟ್ಟು ತಂದ ಬ್ಯಾಂಕ್ ಸಾಲ ಜವಾಬ್ದಾರಿಯ ಕಡೆಗೂ ನಿಂತಿರುತ್ತವೆ. ಲಾಭ ತೋರಿಸುವ ಕಾರ್ಖಾನೆಯ ಕೈಯಲ್ಲಿ ಕಬ್ಬಿನ ಬಿಲ್ಲು ಕೊಡಲು ಏಕೆ ನಗದು ಇರುವುದಿಲ್ಲ ಎಂಬುದನ್ನು ಒಮ್ಮೆ ಅರ್ಥಮಾಡಿಕೊಂಡವರಿಗೆ ದುಡಿಯುವ ಬಂಡವಾಳದ (ದಿನನಿತ್ಯದ ವ್ಯವಹಾರಕ್ಕೆ ಬೇಕಾದ ಹಣದ) ಅಧ್ಯಾಯ ಅರ್ಧ ಮುಗಿದಂತೆಯೇ. ಇದರ ಜೊತೆ ಎಕ್ಸೆಲ್ ಕಲಿಯಿರಿ; ಮನೆಯ ಜಮಾ-ಖರ್ಚನ್ನೇ ಅದಕ್ಕೆ ಏರಿಸಿ.

ಪ್ರಶ್ನೆ: ನಮ್ಮ ಮಗ ಬಿ.ಎ. ಅರ್ಥಶಾಸ್ತ್ರ ಮುಗಿಸಿದ್ದಾನೆ. ಬೆಂಗಳೂರಿನ ಒಂದು ಕಾಲೇಜಿನವರೆಂದು ಹೇಳಿಕೊಂಡು ಒಬ್ಬರು ದಿನವೂ ಫೋನ್ ಮಾಡುತ್ತಿದ್ದಾರೆ. ಯಾವ ಪರೀಕ್ಷೆಯೂ ಬೇಡ, 50 ಸಾವಿರ ಕಟ್ಟಿ ಸೀಟು ಹಿಡಿದುಕೊಳ್ಳಿ, ಮೂಲ ಅಂಕಪಟ್ಟಿ ಕಳಿಸಿ ಎನ್ನುತ್ತಾರೆ. ಕೊಡುವುದು ಪಿಜಿಡಿಎಂ ಅಂತೆ. ನಂಬಬಹುದೇ?
– ಓದುಗರೊಬ್ಬರು, ಮುಧೋಳ

ಉತ್ತರ: ಹಣವನ್ನೂ ಕೊಡಬೇಡಿ, ಮೂಲ ಅಂಕಪಟ್ಟಿಯನ್ನಂತೂ ಕೊಡಲೇಬೇಡಿ. ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಕಾಲೇಜು ತನ್ನ ಬಳಿ ಇರಿಸಿಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಸ್ಪಷ್ಟಪಡಿಸಿದೆ, ಪರಿಶೀಲಿಸಿ ಹಿಂದಿರುಗಿಸಬೇಕು. ಅಂಕಪಟ್ಟಿ ಕೈಗೆ ಸಿಕ್ಕರೆ ನೀವು ಬೇರೆಡೆಗೆ ಹೋಗಲಾರಿರಿ ಎಂಬುದೇ ಇಂಥವರ ಲೆಕ್ಕಾಚಾರ.

ಪಿಜಿಡಿಎಂ, ಅಂದರೆ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಎಂಬ ಹೆಸರೇನೂ ಕೀಳಲ್ಲ. ಎಂಬಿಎ ಪದವಿಯನ್ನು ವಿಶ್ವವಿದ್ಯಾಲಯಗಳು ಕೊಡುತ್ತವೆ, ಸ್ವತಂತ್ರ ಸಂಸ್ಥೆಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಅನುಮೋದನೆ ಪಡೆದು ಡಿಪ್ಲೊಮಾ ಕೊಡುತ್ತವೆ. ಐಐಎಂಗಳೇ 2017ರ ಐಐಎಂ ಕಾಯ್ದೆ ಬರುವವರೆಗೆ ಡಿಪ್ಲೊಮಾವನ್ನಷ್ಟೇ ಕೊಡುತ್ತಿದ್ದವು. ನೋಡಬೇಕಾದದ್ದು ಅನುಮೋದನೆ. ಎಐಸಿಟಿಇ ಜಾಲತಾಣದಲ್ಲಿ ಆ ಸಂಸ್ಥೆಯ ಹೆಸರು, ಆ ಕೋರ್ಸಿನ ಹೆಸರು ಮತ್ತು ಈ ವರ್ಷದ ಸೀಟುಗಳ ಸಂಖ್ಯೆ ಮೂರೂ ಇವೆಯೇ ಎಂದು ಮಗನಿಂದಲೇ ಹುಡುಕಿಸಿ. ಪ್ರವೇಶ ಪರೀಕ್ಷೆಯೇ ಬೇಡ ಎನ್ನುವ ಮಾತು ಅನುಮಾನಕ್ಕೆ ಸಾಕಷ್ಟು ಕಾರಣ.

ಅದಕ್ಕಿಂತ ಮೊದಲು ಪಿಜಿಸಿಇಟಿ ಬರೆಸಿ. ಅದು ಎರಡು ಗಂಟೆಯ, 100 ಅಂಕಗಳ ಪರೀಕ್ಷೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಇಂಗ್ಲಿಷ್, ಸಾಮಾನ್ಯ ಜ್ಞಾನ, ತರ್ಕ ಮತ್ತು ಗಣಿತ ಸೇರಿರುವುದರಿಂದ ಪತ್ರಿಕೆ ಓದುವ ಹುಡುಗನಿಗೆ ಸಾಮಾನ್ಯ ಜ್ಞಾನವೇ ಆಸರೆ. ಈ ದಾರಿಯಲ್ಲಿ ಸೀಟು ಸಿಕ್ಕರೆ ಶುಲ್ಕ ಸರ್ಕಾರ ನಿಗದಿಪಡಿಸಿದಷ್ಟೇ. ನಿಮ್ಮ ಸಮೀಪದ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, ಬೆಳಗಾವಿಯ ಗೋಗಟೆ ತಾಂತ್ರಿಕ ಮಹಾವಿದ್ಯಾಲಯ ಮತ್ತು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣದಲ್ಲೇ ಎಂಬಿಎ ಇದೆ. ಹೆಣ್ಣುಮಕ್ಕಳಿಗಾದರೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಇದೆ. ದೂರದ ಊರಿನ ಕಟ್ಟಡದ ಫೋಟೊ ನೋಡಿ ಮರುಳಾಗುವ ಮುನ್ನ ಇವುಗಳಿಗೆ ಒಮ್ಮೆ ಹೋಗಿ, ಕಳೆದ ವರ್ಷ ಮುಗಿಸಿದವರು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ಕೇಳಿ ಬನ್ನಿ.

ದೊಡ್ಡ ಸಂಸ್ಥೆಯಲ್ಲೇ ಸೀಟು ಸಿಕ್ಕಿ ಹಣದ ಚಿಂತೆ ಎದುರಾದರೆ ಅದಕ್ಕೆ ದಾರಿಯಿದೆ. ಹಳೆಯ ಐಐಎಂಗಳ ಎರಡು ವರ್ಷದ ಶುಲ್ಕ 20 ಲಕ್ಷ ದಾಟುತ್ತದೆ, ನಿಜ. ಆದರೆ ಕೇಂದ್ರವು 2024ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಪ್ರವೇಶ ಪಡೆದವರಿಗೆ ಜಾಮೀನಿಲ್ಲದೆ, ಹೊಲ-ಮನೆ ಅಡವಿಡದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3ರ ರಿಯಾಯಿತಿಯೂ ಇದೆ.

ಪ್ರಶ್ನೆ: ಬಿ.ಎ. ಮುಗಿಸಿ ಮೂರು ವರ್ಷಗಳಿಂದ ಪತ್ತಿನ ಸೌಹಾರ್ದ ಸಹಕಾರಿಯೊಂದರಲ್ಲಿ ಗುಮಾಸ್ತಳಾಗಿದ್ದೇನೆ. ಈ ಅನುಭವಕ್ಕೆ ಎಂಬಿಎ ಪ್ರವೇಶದಲ್ಲಿ ಬೆಲೆ ಇದೆಯೇ? ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಮಾಡಿದರೆ ಆಗುವುದಿಲ್ಲವೇ?
– ಓದುಗರೊಬ್ಬರು, ಗೋಕಾಕ

ಉತ್ತರ: ಬೆಲೆ ಇದೆ. ಪದವಿಯ ನಂತರದ ಪೂರ್ಣಾವಧಿ ಕೆಲಸವನ್ನು ಹಲವು ಸಂಸ್ಥೆಗಳು ಅಂಕ ಕೊಟ್ಟು ಪರಿಗಣಿಸುತ್ತವೆ, ಅದು ಬಹುರಾಷ್ಟ್ರೀಯ ಕಂಪನಿಯದೇ ಆಗಿರಬೇಕೆಂದಿಲ್ಲ. ಸಂದರ್ಶನದಲ್ಲಿ ಅದನ್ನು ಹೇಗೆ ಹೇಳುತ್ತೀರಿ ಎಂಬುದು ಮುಖ್ಯ. ಪಿಗ್ಮಿ ಠೇವಣಿ ಸಂಗ್ರಹಿಸುವ ಏಜೆಂಟರಿಗೆ ಎಷ್ಟು ಕಮಿಷನ್, ಆ ಠೇವಣಿಗೆ ಕೊಡುವ ಬಡ್ಡಿ ಎಷ್ಟು, ಸಾಲದ ಮೇಲೆ ಬರುವ ಬಡ್ಡಿ ಎಷ್ಟು, ಕಬ್ಬಿನ ಬಿಲ್ಲು ತಡವಾದ ವರ್ಷ ಕಂತುಗಳು ಹೇಗೆ ನಿಂತವು – ಇಷ್ಟನ್ನು ಅಂಕಿಗಳೊಂದಿಗೆ ವಿವರಿಸಬಲ್ಲಿರಾದರೆ ಹಣಕಾಸು ವಿಷಯದಲ್ಲಿ ನೀವು ಹೊಸಬರಲ್ಲ.

ದೂರಶಿಕ್ಷಣದ ಎಂಬಿಎಯನ್ನು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಇಗ್ನೊ ಕೂಡ ನಡೆಸುತ್ತವೆ. ಇರುವ ಕೆಲಸದಲ್ಲೇ ಬಡ್ತಿ ಬೇಕೆಂದರೆ ಅದು ಸಾಕು, ಖರ್ಚೂ ಕಡಿಮೆ. ಆದರೆ ಕಂಪನಿಗಳು ಕಾಲೇಜಿಗೇ ಬಂದು ಆಯ್ಕೆ ಮಾಡಿಕೊಳ್ಳುವ ಅವಕಾಶ ಅದರಲ್ಲಿ ಇರುವುದಿಲ್ಲ. ಕ್ಷೇತ್ರ ಬದಲಿಸುವ ಆಲೋಚನೆ ಇದ್ದರೆ ಎರಡು ವರ್ಷ ಕೆಲಸ ಬಿಟ್ಟು ಓದುವುದೇ ಸರಿ. ಸಹಕಾರಿ ರಂಗದಲ್ಲೇ ಮೇಲೇರುವ ಮನಸ್ಸಿದ್ದರೆ ಎರಡು ಸಂಸ್ಥೆಗಳನ್ನು ನೋಡಿ. ಒಂದು, ವರ್ಗೀಸ್ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದ್‌ನಲ್ಲಿ ಸ್ಥಾಪಿಸಿದ ಇರ್ಮಾ. ಗ್ರಾಮೀಣ ನಿರ್ವಹಣೆಯ ಈ ಸಂಸ್ಥೆ 2025ರಲ್ಲಿ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಗಿ ರೂಪುಗೊಂಡಿದೆ. ಇನ್ನೊಂದು, ಪುಣೆಯಲ್ಲಿರುವ ವೈಕುಂಠ ಮೆಹ್ತಾ ರಾಷ್ಟ್ರೀಯ ಸಹಕಾರ ನಿರ್ವಹಣಾ ಸಂಸ್ಥೆ. ಅಲ್ಲಿ ಕೃಷಿ ವ್ಯವಹಾರ ನಿರ್ವಹಣೆಯ ಪಿಜಿಡಿಎಂ ಇದೆ. ಗೋಕಾಕದಿಂದ ಅದು ಬೆಂಗಳೂರಿಗಿಂತ ಹತ್ತಿರ.

ಯಾವ ದಾರಿ ಹಿಡಿದರೂ ನೇಮಕಾತಿ ಆದೇಶ, ಸಂಬಳ ಬ್ಯಾಂಕ್ ಖಾತೆಗೆ ಜಮೆಯಾದ ದಾಖಲೆ ಮತ್ತು ದಿನಾಂಕ ನಮೂದಿಸಿದ ಅನುಭವ ಪ್ರಮಾಣಪತ್ರಗಳನ್ನು ಕೆಲಸದಲ್ಲಿರುವಾಗಲೇ ಪಡೆದಿಟ್ಟುಕೊಳ್ಳಿ. ಸಂಬಳವನ್ನು ನಗದಾಗಿ ಕೊಡುತ್ತಿದ್ದರೆ ಮುಂದಿನ ತಿಂಗಳಿನಿಂದ ಖಾತೆಗೆ ಜಮೆ ಮಾಡುವಂತೆ ವ್ಯವಸ್ಥಾಪಕರಲ್ಲಿ ಲಿಖಿತವಾಗಿ ಕೇಳಿಕೊಳ್ಳಿ.